ಇನ್ಮೇಲೆ ನಿಮ್ಮ ಫೈಲು ನಿಮ್ಮ ಕೈಗೆ

ಮಂಡಿಪೇಟೆ, ದಾವಣಗೆರೆ

ನಮ್ಮ ಪ್ರೆಸ್ಸಿನ ಎಲ್ಲ ಗ್ರಾಹಕರಿಗೂ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಈ ಬಲಿಪಾಡ್ಯಮಿಯಿಂದ, ಅಂದರೆ ಹೊಸ ಲೆಕ್ಕದ ಪುಸ್ತಕ ತೆರೆಯುವ ದಿನದಿಂದ, ನಮ್ಮಲ್ಲಿ ಮಾಡಿಸಿದ ಯಾವುದೇ ಕೆಲಸದ ಓಪನ್ ಫೈಲನ್ನು ನೀವು ಕೇಳದಿದ್ದರೂ ನಿಮ್ಮ ಕೈಗೆ ಕೊಡುತ್ತೇವೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು, ಸ್ಮರಣ ಸಂಚಿಕೆ, ಏನೇ ಇರಲಿ. ಬರೀ ಪಿಡಿಎಫ್ ಅಲ್ಲ, ತಿದ್ದಲು ಬರುವ ಫೈಲು. ಅದನ್ನು ತಗೊಂಡು ಪಕ್ಕದ ಬೀದಿಯ ಪ್ರೆಸ್ಸಿಗೆ ಹೋದರೂ ನಮಗೆ ಬೇಜಾರಿಲ್ಲ. (ಸ್ವಲ್ಪ ಆಗಬಹುದು. ತೋರಿಸಿಕೊಳ್ಳಲ್ಲ.)

ಇದರಿಂದ ರೇಟಿನಲ್ಲೂ ಅಕ್ಷರದಲ್ಲೂ ಸ್ವಲ್ಪ ಬದಲಾವಣೆ ಆಗುತ್ತದೆ. ಅದನ್ನು ಆಮೇಲೆ ಹೇಳುತ್ತೇವೆ. ಮೊದಲು, ಇಷ್ಟು ವರ್ಷ ಯಾಕೆ ಕೊಡುತ್ತಿರಲಿಲ್ಲ ಅನ್ನೋದನ್ನು ಒಪ್ಪಿಕೊಳ್ಳಬೇಕು.

ನೀವು ಫೈಲ್ ಕೇಳಿದಾಗಲೆಲ್ಲ ನಾವು ಹೇಳುತ್ತಿದ್ದ ಉತ್ತರ ನಿಮಗೆ ಗೊತ್ತಿದೆ. ‘ಸಿಸ್ಟಮ್ ಕೆಟ್ಟಿದೆ’, ‘ಹುಡುಗ ಊರಿಗೆ ಹೋಗಿದ್ದಾನೆ’, ‘ಕೋರೆಲ್ ಇಲ್ಲದಿದ್ದರೆ ನಿಮ್ಮಲ್ಲಿ ಓಪನ್ ಆಗಲ್ಲ ಸರ್’. ಕೊನೆಯದು ಮಾತ್ರ ಅರ್ಧ ನಿಜ (ಕೋರೆಲ್ ಅಂದರೆ ಡಿಸೈನ್ ಮಾಡೋ ತಂತ್ರಾಂಶ). ಉಳಿದದ್ದು ಸುಮ್ನೆ. ಫೈಲು ನಮ್ಮ ಹತ್ತಿರ ಇದ್ದರೆ ಮುಂದಿನ ಸಲವೂ ನೀವು ನಮ್ಮ ಹತ್ತಿರವೇ ಬರಬೇಕು, ಅಷ್ಟೇ ಲೆಕ್ಕ. ಈ ದಂಧೆಯಲ್ಲಿ ಬಹಳ ಕಡೆ ಹೀಗೇ ನಡೆಯುತ್ತದೆ, ನಾವೂ ನಡೆಸಿದೆವು.

ನಮ್ಮ ತಂದೆಯವರ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಆಗ ಕಾಲಲ್ಲಿ ತುಳಿದು ಓಡಿಸೋ ಟ್ರೆಡಲ್ ಮೆಷಿನ್ನು, ಸೀಸದ ಅಕ್ಷರದ ಮೊಳೆ. ಒಂದೊಂದೇ ಮೊಳೆ ಆರಿಸಿ ಸಾಲು ಜೋಡಿಸಬೇಕು, ಅಚ್ಚು ಹಾಕಬೇಕು, ಆಮೇಲೆ ಬಿಚ್ಚಿ ಕ ಮನೆಗೆ ಕ, ತ ಮನೆಗೆ ತ ವಾಪಸ್ ಹಾಕಬೇಕು. ಬಸಣ್ಣನ ಮದುವೆಗೆ ದುಡಿದ ‘ಬ’ ಮರುದಿನ ಬೆಳಿಗ್ಗೆ ಬೆಲ್ಲದ ಅಂಗಡಿ ಬಿಲ್ ಬುಕ್ಕಿಗೆ ಹೋಗುತ್ತಿತ್ತು. ಕೆಲಸ ಮುಗಿದ ಮೇಲೆ ನಮ್ಮ ಹತ್ತಿರ ಬಚ್ಚಿಡೋಕೆ ಅಂತ ಏನೂ ಉಳಿಯುತ್ತಿರಲಿಲ್ಲ. ನಿಮ್ಮ ಹಸ್ತಪ್ರತಿ ನಿಮಗೆ, ಮೊಳೆ ನಮಗೆ. ಕಂಪ್ಯೂಟರ್ ಬಂದ ಮೇಲೆ ನೋಡಿ ಈ ‘ಫೈಲು’ ಅನ್ನೋ ಮೂರನೇ ವಸ್ತು ಹುಟ್ಟಿದ್ದು. ಅದು ಯಾರದ್ದು ಅಂತ ಯಾರೂ ಮಾತಾಡಿಕೊಳ್ಳಲಿಲ್ಲ, ನಮ್ಮ ಡಬ್ಬಿಯಲ್ಲಿ ಇತ್ತು ಅಂತ ನಮ್ಮದೇ ಅಂದುಕೊಂಡೆವು.

ಮನಸ್ಸು ಬದಲಾಗಿದ್ದು ಒಂದು ಹಾಡಿನ ಪುಸ್ತಕದಿಂದ. ಜಗಳೂರು ಕಡೆಯ ಒಬ್ಬ ಅಮ್ಮ ತಮ್ಮ ತಾಯಿ ಹಾಡುತ್ತಿದ್ದ ಬೀಸುವ ಪದ, ಸೋಬಾನೆ ಪದಗಳನ್ನೆಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆಸಿಟ್ಟಿದ್ದರು. 2008ರಲ್ಲಿ ತಾಯಿಯ ವರ್ಷದ ಕಾರ್ಯಕ್ಕೆ ಅಂತ ನಮ್ಮಲ್ಲಿ ಟೈಪ್ ಮಾಡಿಸಿ ನೂರು ಪ್ರತಿ ಹಾಕಿಸಿದರು. ಕಳೆದ ವರ್ಷ ಅವರ ಮೊಮ್ಮಗಳು ಬಂದು, ಅಜ್ಜಿಯ ನೋಟ್‌ಬುಕ್ಕು ಗೆದ್ದಲು ತಿಂದಿದೆ, ಪುಸ್ತಕವೂ ಒಂದೇ ಉಳಿದಿದೆ, ಫೈಲ್ ಕೊಡಿ ಅಂದಳು. ನಾವು ಅದೇ ಹಳೇ ರಾಗ ತೆಗೆದೆವು: ಫೈಲ್ ಕೊಡಲ್ಲಮ್ಮ, ಎಷ್ಟು ಪ್ರತಿ ಬೇಕೋ ಇಲ್ಲೇ ಹಾಕಿಸಿ. ಹುಡುಗಿ ಏನೂ ಅನ್ನಲಿಲ್ಲ. ಹೋದಳು. ಆ ‘ಏನೂ ಅನ್ನಲಿಲ್ಲ’ ಅನ್ನೋದು ರಾತ್ರಿ ಸ್ವಲ್ಪ ಕಾಡಿತು.

ಎರಡು ತಿಂಗಳು ಬಿಟ್ಟು ನಾವೇ ಫೋನ್ ಮಾಡಿ ಕರೆದೆವು. ಅಜ್ಜಿಯೂ ಬಂದರು. ದೊಡ್ಡ ಉಪಕಾರ ಮಾಡುವವರ ಹಾಗೆ ಫೈಲ್ ತೆರೆದರೆ, ಪರದೆ ಮೇಲೆ ಒಂದು ಕನ್ನಡ ಅಕ್ಷರ ಇಲ್ಲ. ‘ಕನ್ನಡ’ ಅಂತ ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟು ಎಳೆದಿರೋ ಎ, ಅದರ ಪಕ್ಕ ಪೌಂಡ್ ಗುರುತು. ಇಡೀ ಪುಸ್ತಕ ಹಾಗೇ. ಯಾಕೆ ಅಂದರೆ ಹಳೇ ಫಾಂಟುಗಳಲ್ಲಿ ಒಳಗೆ ಇರೋದು ಇಂಗ್ಲಿಷ್ ಸಂಕೇತಗಳೇ, ಮೇಲೆ ಕನ್ನಡದ ಮುಖವಾಡ ಅಷ್ಟೇ. ಆ ಫಾಂಟು ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಮುಖವಾಡ ಬಿದ್ದು ಹೋಗುತ್ತದೆ. ಆ ಫಾಂಟು ನಮ್ಮ ಹೊಸ ಕಂಪ್ಯೂಟರಿಗೆ ಬಂದಿರಲೇ ಇಲ್ಲ. ಕೊಡಲ್ಲ ಅಂತ ಅಷ್ಟು ಗತ್ತಿನಿಂದ ಹೇಳಿದ್ದ ವಸ್ತು ನಮಗೇ ಓದೋಕೆ ಬರುತ್ತಿರಲಿಲ್ಲ!

ಯಾರೋ ಪುಣ್ಯಾತ್ಮರು ಮಾಡಿ ಎಲ್ಲರಿಗೂ ಬಿಟ್ಟಿರುವ ಪರಿವರ್ತಕ ಒಂದಿದೆ, ಅದರಲ್ಲಿ ಹಾಕಿ ಯೂನಿಕೋಡಿಗೆ, ಅಂದರೆ ಕನ್ನಡಕ್ಕೆ ಕನ್ನಡದ್ದೇ ಸಂಕೇತ ಇರೋ ಪದ್ಧತಿಗೆ, ತಂದೆವು. ಮುಕ್ಕಾಲು ಭಾಗ ಸರಿಯಾಗಿ ಬಂತು. ಅರ್ಕಾವತ್ತು ಇದ್ದ ಕಡೆಯೆಲ್ಲ ಎಡವಟ್ಟು, ಕೆಲವು ಕಡೆ ದೀರ್ಘ ಹಾರಿಹೋಗಿತ್ತು. ಮೂರು ಸಂಜೆ ಕೂತು ತಿದ್ದಿದೆವು. ಅಜ್ಜಿಗೆ ಓದು ಅಷ್ಟಕ್ಕಷ್ಟೇ, ಹಾಗಾಗಿ ಮೊಮ್ಮಗಳು ಓದೋದು, ಅಜ್ಜಿ ಅದನ್ನು ಹಾಡೋದು, ಹಾಡಿನಲ್ಲಿ ಎಲ್ಲಿ ಕಾಲು ಎಡವಿತೋ ಅಲ್ಲಿ ತಪ್ಪಿದೆ ಅಂತ ಲೆಕ್ಕ. ಬೈಂಡಿಂಗ್ ಹುಡುಗರು ಕೆಲಸ ಬಿಟ್ಟು ನಿಂತು ಕೇಳಿದರು. 2008ರ ಪುಸ್ತಕದಲ್ಲಿ ನಾವು ಮಾಡಿದ್ದ ತಪ್ಪುಗಳೂ ಹನ್ನೊಂದು ಸಿಕ್ಕವು, ಅದು ಬೇರೆ ಮಾತು.

ಕೊನೆಗೆ ಪುಸ್ತಕದ ಮೊದಲ ಪುಟದಲ್ಲಿ ‘ಹಕ್ಕುಗಳು’ ಅಂತ ಒಂದು ಸಾಲು ಇರುತ್ತದಲ್ಲ, ಅಲ್ಲಿ ಯಾರ ಹೆಸರು ಹಾಕೋಣ ಅಂತ ಕೇಳಿದೆವು. ‘ನಮ್ಮವ್ವನೂ ಯಾರ ಹತ್ರನೋ ಕಲ್ತಿದ್ದು ಬಿಡ್ರಿ, ಆಕಿ ಹೆಸರು ನಮಗೇನ್ ಗೊತ್ತು’ ಅಂದರು ಅಜ್ಜಿ. ಅಲ್ಲಿ ‘ಯಾರು ಬೇಕಾದರೂ ಹಾಡಬಹುದು, ಅಚ್ಚು ಹಾಕಬಹುದು’ ಅಂತ ಹಾಕಿದೆವು.

ಆವತ್ತು ನಮಗೆ ನೆನಪಾಗಿದ್ದು ಫ.ಗು. ಹಳಕಟ್ಟಿಯವರು. ಪ್ರೆಸ್ಸಿನವರು ಅವರನ್ನು ಮರೆಯಬಾರದು. ನಮ್ಮಲ್ಲಿ ಮಾಡಿಸೋ ಲಗ್ನಪತ್ರಿಕೆಗಳಲ್ಲಿ ಬಸವಣ್ಣನ ವಚನದ ಒಂದು ಸಾಲು ಇಲ್ಲದ್ದು ಅಪರೂಪ, ಅಲ್ವಾ? ಆ ವಚನಗಳು ಬಹಳ ಮನೆಗಳಲ್ಲಿ ತಾಳೆಗರಿ ಕಟ್ಟುಗಳಾಗಿ ಜಗಲಿ ಮೇಲೆ ಕೂತಿದ್ದವು. ಪೂಜೆ ಆಗುತ್ತಿತ್ತು, ಬಿಚ್ಚಿ ಓದುವವರು ಕಡಿಮೆ. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿ, 1925ರಲ್ಲಿ ಮನೆ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಅಂತ ಪ್ರೆಸ್ ಹಾಕಿ ಅಚ್ಚು ಮಾಡಿದರು. ನಾವೂ ಪ್ರತಿ ವರ್ಷ ಆಯುಧಪೂಜೆಗೆ ಹಾರ್ಡ್ ಡಿಸ್ಕಿಗೆ ಕುಂಕುಮ ಹಚ್ಚುತ್ತೇವೆ. ಒಳಗೆ ಏನಿದೆ ಅಂತ ತೆರೆದು ನೋಡಿದ್ದು ಮಾತ್ರ ಈ ಹುಡುಗಿ ಬಂದ ಮೇಲೆ.

ಇನ್ನೊಂದು ಮಾತು. ನಾವು ದಿನಾ ಕನ್ನಡ ಕುಟ್ಟೋದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಕಲಿಯೋಕೆ ಒಂದು ವಾರ ಸಾಕು. ನುಡಿ ತಂತ್ರಾಂಶದಲ್ಲೂ ಅದೇ ಬಂದಿದ್ದು. ಇಪ್ಪತ್ತು ವರ್ಷದಿಂದ ನಮ್ಮ ಮನೆಯ ಅನ್ನ ಅದರಿಂದ. ಅದಕ್ಕೆ ನಾವು ಯಾರಿಗೂ ಒಂದು ಪೈಸೆ ಕೊಟ್ಟಿಲ್ಲ, ಯಾರೂ ಕೇಳಿಲ್ಲ. ಅಂಥದ್ದರ ಮೇಲೆ ಕೂತು ಎಂಟು ಪುಟದ ಹ್ಯಾಂಡ್‌ಬಿಲ್ಲಿಗೆ ಬೀಗ ಹಾಕಿದ್ದೆವು.

ಈಗ ಅಕ್ಷರದ ವಿಷಯ. ದುಡ್ಡು ಕೊಟ್ಟು ತಂದ ಫಾಂಟನ್ನು ಫೈಲಿನ ಜೊತೆ ನಿಮಗೆ ಹಂಚೋಕೆ ನಮಗೆ ಹಕ್ಕಿಲ್ಲ. ಫಾಂಟು ಇಲ್ಲದೆ ಫೈಲು ಕೊಟ್ಟರೆ ಮತ್ತದೇ ಪೌಂಡ್ ಗುರುತು. ಅದಕ್ಕೇ ಮುಕ್ತ ಪರವಾನಗಿಯ ಯೂನಿಕೋಡ್ ಫಾಂಟುಗಳಿಗೆ ಬದಲಾಗುತ್ತಿದ್ದೇವೆ. ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ಇಂಥವು. ‘ಬೆಣ್ಣೆ’ ಅಂತಲೇ ಒಂದು ಫಾಂಟ್ ಇದೆ, ದಾವಣಗೆರೆಯವರು ಅದನ್ನು ಬಿಡೋಕಾಗುತ್ತಾ? ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು, ಫೈಲಿನ ಜೊತೆ ಕೊಡಬಹುದು. ಕಾರ್ಡಿನ ಕೆಲಸ ಇಂಕ್‌ಸ್ಕೇಪಿನಲ್ಲಿ, ಪುಸ್ತಕದ ಕೆಲಸ ಲಿಬ್ರೆ ಆಫೀಸಿನಲ್ಲಿ ಮಾಡಿ ಕೊಡುತ್ತೇವೆ. ಎರಡೂ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ, ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ತೆರೆಯುತ್ತದೆ.

ನಷ್ಟವೂ ಇದೆ, ಮುಚ್ಚಿಡಲ್ಲ. ಹಳೇ ಫಾಂಟಿನ ‘ಶ್ರೀ’ ಕಾರ್ಡಿನ ನೆತ್ತಿ ಮೇಲೆ ಕೂತಾಗ ಒಂದು ಗಾಂಭೀರ್ಯ ಇತ್ತು, ಹೊಸದರಲ್ಲಿ ಅದು ಇನ್ನೂ ಕಾಣುತ್ತಿಲ್ಲ. ಇನ್ನೊಂದು, ಪ್ರೂಫ್ ನೋಡುವಾಗ ಹೆಸರುಗಳ ಮೇಲೆ ಕಣ್ಣಿಡಿ. ಯೂನಿಕೋಡಿನಲ್ಲಿ ಜ್ ಆದ ಮೇಲೆ ಸುಮ್ನೆ ಕ ಒತ್ತಿದರೆ ಅದು ಒತ್ತಕ್ಷರ ಮಾಡಿಬಿಡುತ್ತದೆ. ‘ರಾಜ್‌ಕುಮಾರ್’ ಅಂತ ಇರಬೇಕಾದ ಮದುಮಗ ‘ರಾಜ್ಕುಮಾರ್’ ಆಗುತ್ತಾನೆ. ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ನಮ್ಮ ಹುಡುಗರಿಗೆ ಹೇಳಿಕೊಟ್ಟಿದ್ದೇವೆ, ಆದರೂ ಮದುವೆ ಸೀಸನ್ನಿನಲ್ಲಿ ಒಂದೆರಡು ತಪ್ಪಿಸಿಕೊಳ್ಳುತ್ತವೆ.

ಫೈಲು ನಿಮ್ಮದು ಅಂದ ಮೇಲೆ ‘ಐಡಿಯಾ’ ಯಾರದ್ದು ಅನ್ನೋ ಜಗಳಕ್ಕೂ ಬರೋಣ. ಹೋದ ವರ್ಷ ಒಬ್ಬರು ಆಧಾರ್ ಕಾರ್ಡಿನ ಥರ ಲಗ್ನಪತ್ರಿಕೆ ಮಾಡಿಸಿದರು. ಚೆನ್ನಾಗಿ ಬಂತು. ಮುಂದಿನ ತಿಂಗಳು ಅದನ್ನು ನೋಡಿದ ಇನ್ನೊಬ್ಬರು ತಮಗೂ ಬೇಕು ಅಂದರು, ಮಾಡಿಕೊಟ್ಟೆವು. ಮೊದಲಿನವರು ಅಂಗಡಿಗೆ ಬಂದು ‘ನಮ್ಮ ಐಡಿಯಾ ಮಾರಿಕೊಂಡಿರಿ’ ಅಂತ ಕೂಗಾಡಿದರು. ಸ್ವಾಮಿ, 1978ರಲ್ಲೇ ಸುಪ್ರೀಂ ಕೋರ್ಟ್ ಒಂದು ನಾಟಕಕ್ಕೂ ಸಿನಿಮಾಕ್ಕೂ ಬಿದ್ದ ಜಗಳದಲ್ಲಿ ಹೇಳಿದೆ: ಬರೀ ಕಲ್ಪನೆಗೆ ಕೃತಿಸ್ವಾಮ್ಯ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ. ನಿಮ್ಮ ಫೋಟೊ, ನೀವು ಬರೆದ ತಮಾಷೆ ಸಾಲು ಇನ್ನೊಬ್ಬರ ಕಾರ್ಡಿಗೆ ಹೋಗಲ್ಲ, ಅದು ನಮ್ಮ ಮಾತು. ಆದರೆ ಕಾರ್ಡು ಆಧಾರ್ ಥರ ಇರಲಿ ಅನ್ನೋದು ಯಾರ ಆಸ್ತಿಯೂ ಅಲ್ಲ. ಬೆಂಗಳೂರಿನಲ್ಲಿ ಎಷ್ಟು ಬೋರ್ಡಿನ ಮೇಲೆ ‘ದಾವಣಗೆರೆ ಬೆಣ್ಣೆ ದೋಸೆ’ ಅಂತ ಇದೆ ಅಂತ ನೀವೇ ನೋಡಿದ್ದೀರಿ. ಅದರಿಂದ ಇಲ್ಲಿನ ಕಾವಲಿ ಆರಿದೆಯಾ?

ಹಾಗಂತ ಎಲ್ಲವೂ ಎಲ್ಲರದ್ದು ಅಂತಲೂ ಅಲ್ಲ. ಸ್ಮರಣ ಸಂಚಿಕೆಗೆ ಇಡೀ ಕವಿತೆ ಹಾಕಿಸುವವರು ಕೇಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಮೊದಲು 50 ಇತ್ತು, ಟ್ಯಾಗೋರರ ಬರಹಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರಲ್ಲಿ, ಹತ್ತು ವರ್ಷ ಏರಿಸಿದರು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054 ಮುಗಿಯುವವರೆಗೆ ಅವರ ಕವಿತೆ ಇಡಿಯಾಗಿ ಹಾಕಲು ಹಕ್ಕುದಾರರ ಒಪ್ಪಿಗೆ ಬೇಕು. ಶಿಶುನಾಳ ಶರೀಫರ ಪದಕ್ಕೆ, ವಚನಕ್ಕೆ ಯಾರನ್ನೂ ಕೇಳಬೇಕಿಲ್ಲ. ದೇವರ ಚಿತ್ರದಲ್ಲೂ ಹೀಗೇ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅವರ ಲಕ್ಷ್ಮಿ, ಸರಸ್ವತಿಯನ್ನು ಧಾರಾಳವಾಗಿ ಹಾಕೋಣ. ಆದರೆ ಗೂಗಲಿನಲ್ಲಿ ಸಿಕ್ಕ ಯಾರದೋ ಚಿತ್ರ ತಂದು ‘ಇದನ್ನೇ ಹಾಕಿ’ ಅಂದರೆ ಇನ್ಮೇಲೆ ಆಗಲ್ಲ. ಇಷ್ಟು ದಿನ ಹಾಕುತ್ತಿದ್ದೆವು, ತಪ್ಪು.

ನಮ್ಮದೇ ಅಂತ ಇರುವ ಅಂಚು, ಬಳ್ಳಿ, ಮೂಲೆಹೂವು ಮುನ್ನೂರರ ಹತ್ತಿರ ಇವೆ. ಅವನ್ನೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುತ್ತಿದ್ದೇವೆ, ವಿಕಿಪೀಡಿಯದ ಬರಹಗಳಿಗೆ ಇರೋ ಥರದ್ದೇ: ಯಾರು ಬೇಕಾದರೂ ಬಳಸಿ, ತಿದ್ದಿ, ಮಾರಿ, ಮೂಲ ಯಾರದ್ದು ಅಂತ ಹೇಳಿ, ತಿದ್ದಿದ್ದನ್ನು ಅದೇ ಷರತ್ತಿನಲ್ಲಿ ಬಿಡಿ. ಬೇರೆ ಪ್ರೆಸ್ಸಿನವರೂ ಬಳಸಬಹುದು. ಅವರು ಈಗಲೂ ವಾಟ್ಸಾಪಿನಲ್ಲಿ ಬಂದ ಫೋಟೊ ನೋಡಿ ಎತ್ತುತ್ತಾರೆ, ಪಾಪ, ಮಸುಕಾಗಿ ಬರುತ್ತದೆ. ಇನ್ನು ಸ್ಪಷ್ಟವಾಗಿ ಬರಲಿ. ಅದರಲ್ಲಿ ಬಹಳ ಜನ ಮೆಚ್ಚೋ ಬಳ್ಳಿಯ ಅಂಚು ನಮ್ಮ ತಂದೆಯವರು ಹರಿಹರೇಶ್ವರ ದೇವಸ್ಥಾನದ ಕಲ್ಲಿನ ಕೆತ್ತನೆ ನೋಡಿ ಪೆನ್ಸಿಲಿನಲ್ಲಿ ಬರೆದುಕೊಂಡು ಬಂದದ್ದು. ಹೊಯ್ಸಳರ ಕಾಲದ ಆ ಶಿಲ್ಪಿ ನಮಗೆ ಬಿಲ್ ಕಳಿಸಿಲ್ಲ.

ರೇಟು. ಇಷ್ಟು ದಿನ ಡಿಸೈನ್ ಫ್ರೀ ಅನ್ನುತ್ತಿದ್ದೆವು. ಫ್ರೀ ಎಲ್ಲಿಂದ ಬರುತ್ತದೆ, ಕಾರ್ಡಿನ ರೇಟಿನಲ್ಲಿ ಸೇರಿಸುತ್ತಿದ್ದೆವು. ಇನ್ಮೇಲೆ ಬೇರೆ ಬೇರೆ. ಸಾಮಾನ್ಯ ಲಗ್ನಪತ್ರಿಕೆಗೆ ಡಿಸೈನ್ 800 ರೂಪಾಯಿ, ಕಾರ್ಡಿಗೆ 12 ಇದ್ದದ್ದು 10.50. ಐನೂರು ಕಾರ್ಡಿಗೆ ಮೊದಲು 6,000 ಆಗುತ್ತಿತ್ತು, ಈಗ 6,050. ಮುನ್ನೂರು ಹಾಕಿಸುವವರಿಗೆ ಮಾತ್ರ 350 ರೂಪಾಯಿ ಜಾಸ್ತಿ ಬೀಳುತ್ತದೆ, ಅದು ನಮಗೂ ಗೊತ್ತು. ಸಾವಿರ ಹಾಕಿಸುವವರಿಗೆ ಉಳಿತಾಯ. ಬಿಲ್ ಬುಕ್ಕಿನಂಥ ಕೆಲಸಕ್ಕೆ ಡಿಸೈನ್ ಒಂದೇ ಸಲ, ಎರಡನೇ ಸಲದಿಂದ ಬರೀ ಅಚ್ಚಿನ ಖರ್ಚು.

ಒಬ್ಬರ ಫೈಲು ಇನ್ನೊಬ್ಬರಿಗೆ ಕೊಡಲ್ಲ. ಶಾಲೆಯ ಪ್ರಶ್ನೆಪತ್ರಿಕೆ, ಸಂಘಗಳ ಸದಸ್ಯರ ಪಟ್ಟಿ, ಫೋನ್ ನಂಬರ್ ಇರೋ ಯಾವುದನ್ನೂ ಮಾಡಿಸಿದವರೇ ಖುದ್ದು ಬಂದರೆ ಮಾತ್ರ ಕೊಡುತ್ತೇವೆ. ಅಣ್ಣ ಮಾಡಿಸಿದ್ದಕ್ಕೆ ತಮ್ಮ ಬಂದರೂ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಹಳೇ ಕೆಲಸಗಳ ಫೈಲು ಬೇಕಾದವರು ಸಂಜೆ ಐದರ ಮೇಲೆ ಪೆನ್ ಡ್ರೈವ್ ತಗೊಂಡು ಬನ್ನಿ. ಹಳೇ ಕಾರ್ಡಿನ ಒಂದು ಪ್ರತಿ ಜೊತೆಗಿದ್ದರೆ ಹುಡುಕೋಕೆ ಸುಲಭ. ಹಳೇ ಫಾಂಟಿನದ್ದಾದರೆ ಪರಿವರ್ತನೆ ನಾವು ಮಾಡುತ್ತೇವೆ, ತಿದ್ದೋಕೆ ನೀವೂ ಪಕ್ಕದಲ್ಲಿ ಕೂರಬೇಕು. ಚಹಾ ನಮ್ಮದು.

2003ಕ್ಕಿಂತ ಹಿಂದಿನವು ಎರಡು ಬಿಸ್ಕತ್ ಡಬ್ಬಿ ತುಂಬ ಫ್ಲಾಪಿಗಳಲ್ಲಿವೆ. ಒಂದೊಂದರ ಮೇಲೂ ತಂದೆಯವರ ಅಕ್ಷರದಲ್ಲಿ ನಿಮ್ಮ ಹೆಸರುಗಳಿವೆ. ಅವನ್ನು ಓದೋ ಡ್ರೈವ್ ನಮ್ಮಲ್ಲಿ ಇಲ್ಲ. ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಫ್ಲಾಪಿ ಡ್ರೈವ್ ಇರೋ ಹಳೇ ಕಂಪ್ಯೂಟರ್ ಇದ್ದರೆ, ಗುಜರಿಗೆ ಹಾಕೋ ಮೊದಲು ದಯವಿಟ್ಟು ನಮಗೆ ಒಂದು ಫೋನ್ ಮಾಡಿ.

ಇತಿ,
ನಿಮ್ಮ ಪ್ರೆಸ್ಸಿನವರು