ಉಂಡಿ ಎಣಿಸಿದ ಅಪ್ಪನ ಪತ್ರ

ಕಲಬುರಗಿ
ಶ್ರಾವಣ ಸೋಮವಾರ, ರಾತ್ರಿ

ನನ್ನವ್ವಾ,

ಫೋನಿನಲ್ಲಿ ಮಾತಾಡಿದರೆ ಮತ್ತೆ ಜಗಳವೇ ಆಗುತ್ತದೆ. ಅದಕ್ಕೆ ದಾಲ್ ಮಿಲ್ಲಿನ ಹಳೇ ಲೆಕ್ಕದ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ.

ಗುರುವಾರ ರಾತ್ರಿ ಮೂರಕ್ಕೆ ನನ್ನ ಫೋನ್ ಬಡಕೊಂಡಿತು. ಸಕ್ಕರೆ ಕಾಯಿಲೆಗೆ ಅಂತ ನೀನು ತೋಳಿಗೆ ಅಂಟಿಸಿಕೊಂಡ ಸೆನ್ಸರ್, ರಕ್ತದ ಸಕ್ಕರೆ 58ಕ್ಕೆ ಇಳಿದಿದೆ ಅಂತ ತೋರಿಸುತ್ತಿತ್ತು. ಹದಿನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಆಮೇಲೆ ಹಾಸ್ಟೆಲ್ ವಾರ್ಡನ್‌ಗೆ ಮಾಡಿದೆ. ಪಾಪ, ಅವರು ಓಡಿ ಬಂದು ಬಾಗಿಲು ಬಡಿದು ಸಾಲಿನ ಹುಡುಗಿಯರನ್ನೆಲ್ಲ ಎಬ್ಬಿಸಿದರಂತೆ. ನೀನು ಬೆರಳು ಚುಚ್ಚಿ ನೋಡಿದರೆ 121. ಸೆನ್ಸರ್ ಇದ್ದ ತೋಳಿನ ಮೇಲೇ ಮಲಗಿದ್ದೆ. ಹಾಗೆ ಒತ್ತಿದರೆ ಅದು ಸುಳ್ಳು ಲೋ, ಅಂದರೆ ಇಳಿಯದ ಸಕ್ಕರೆಯನ್ನೂ ಇಳಿದ ಹಾಗೆ, ತೋರಿಸುತ್ತದೆ ಅಂತ ನೀನೇ ನನಗೆ ಎರಡು ಸಲ ಹೇಳಿದ್ದೆ. ನಡುರಾತ್ರಿ ಅದು ತಲೆಗೆ ಹೊಳೆಯಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನೀನು ನಕ್ಕು ಬಿಡುತ್ತಿದ್ದೆ. ಬೆಳಿಗ್ಗೆ ಏಳಕ್ಕೆ 243 ಬಂತು. ನಾನು ಬಾಯಿ ಬಿಟ್ಟೆ: "ರಾತ್ರಿ ಏನು ತಿಂದೆ?"

"ಅಪ್ಪಾ, ನೀ ಇನ್ನಾ ಉಂಡಿ ಎಣಸ್ಲಾಕತ್ತಿ ಏನು?" ಅಂದೆ. ನೀನೇ ಫೋನ್ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ನನ್ನ ಫೋನಿಗೆ ಸೆನ್ಸರಿನ ಶೇರಿಂಗ್ ಬಂದ್. ನಾಲ್ಕು ದಿನ ಆಯಿತು, ನನ್ನ ಫೋನಿನಲ್ಲಿ ನಿನ್ನ ಸಕ್ಕರೆಯ ಗೆರೆ ಇಲ್ಲ.

ಉಂಡಿ. ಏಳು ವರ್ಷ ಆಯಿತಲ್ಲ, ನೀನು ಮರೆತಿರಬಹುದು ಅಂದುಕೊಂಡಿದ್ದೆ. ನಾನಂತೂ ಮರೆತಿಲ್ಲ.

ಪಂಚಮಿ ಹಿಂದಿನ ರಾತ್ರಿ ಡಬ್ಬಿಯಲ್ಲಿ ಇಪ್ಪತ್ತೊಂದು ಶೇಂಗಾ ಉಂಡಿ ಇದ್ದವು. ಹೌದು, ಎಣಿಸಿದ್ದೆ. ಮನೆಯವರೆಲ್ಲ ಮಲಗಿದ ಮೇಲೆ, ಅಡುಗೆಮನೆಯ ಲೈಟ್ ಹಾಕದೆ, ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದ್ದೆ. ಆ ತಿಂಗಳಿಡೀ ಬೆಳಿಗ್ಗೆ ನಿನಗೆ 240, 260 ಬರುತ್ತಿತ್ತು. ಮಲಗುವಾಗ ಸರಿ ಇರುವ ಸಕ್ಕರೆ ಏನೂ ತಿನ್ನದೆ ಏರುವುದು ಹೇಗೆ? ನನ್ನ ಲೆಕ್ಕದಲ್ಲಿ ಜಮಾ ಇಲ್ಲದೆ ಬಾಕಿ ಬರುವುದಿಲ್ಲ. ಬೆಳಿಗ್ಗೆ ನೋಡಿದರೆ ಇಪ್ಪತ್ತು. ಆಯಿ ಎದುರಿಗೆ, ಜೋಕಾಲಿ ಆಡಲು ಕರೆಯಲು ಬಂದ ನಿನ್ನ ಗೆಳತಿಯರ ಎದುರಿಗೆ ಕೇಳಿದೆ. ನೀನು "ನಾ ತಿಂದಿಲ್ಲಪ್ಪ" ಅಂದೆ. ನಾನು ಡಬ್ಬಿ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನೀನು ಹಸಿರು ಲಂಗದಲ್ಲಿದ್ದೆ. ಆವತ್ತು ಜೋಕಾಲಿ ಹತ್ತಲಿಲ್ಲ.

ಮುಂದಿನ ವಾರ ಡಾಕ್ಟರು ಮೂರು ರಾತ್ರಿ ಪರೀಕ್ಷೆ ಮಾಡಿ ಅಂದರು. ಮಲಗುವಾಗ ಒಮ್ಮೆ, ಮೂರಕ್ಕೆ ಒಮ್ಮೆ, ಎದ್ದ ಕೂಡಲೇ ಒಮ್ಮೆ. ಮೊದಲ ರಾತ್ರಿ 142, 138, 251. ಉಳಿದ ಎರಡೂ ರಾತ್ರಿ ಹೆಚ್ಚುಕಡಿಮೆ ಅದೇ. ಮೂರಕ್ಕೇ ಜಾಸ್ತಿ ಇದ್ದಿದ್ದರೆ ರಾತ್ರಿಯ ಊಟವನ್ನೋ ಇನ್ಸುಲಿನ್ನನ್ನೋ ಅನುಮಾನಿಸಬೇಕಿತ್ತಂತೆ. ಇಲ್ಲಿ ಏರಿದ್ದೆಲ್ಲ ಮೂರರ ನಂತರ. ನಸುಕಿನಲ್ಲಿ ಬೆಳವಣಿಗೆಯ ಹಾರ್ಮೋನು, ಕಾರ್ಟಿಸಾಲು ಎಲ್ಲ ಏರುತ್ತವೆ. ಹರೆಯದವರಲ್ಲಿ ಇನ್ನೂ ಜಾಸ್ತಿ. ಆಗ ಲಿವರ್ ತಾನು ಕೂಡಿಟ್ಟ ಸಕ್ಕರೆ ಹೊರಗೆ ಬಿಡುತ್ತದೆ. ಹಗೇವು ತೆರೆದು ಜೋಳ ತೆಗೆದ ಹಾಗೆ, ಅಂದರು. ಎಲ್ಲರ ಮೈಯಲ್ಲೂ ಹಾಗೇ. ಬೇರೆಯವರಿಗೆ ಇನ್ಸುಲಿನ್ ಅನ್ನುವ ಹಮಾಲರು ತಾವಾಗಿಯೇ ಬಂದು ಚೀಲ ಹೊರುತ್ತಾರೆ. ನಿನಗೆ ಆ ಹೊತ್ತಿಗೆ ಹಮಾಲರು ಸಾಲುವುದಿಲ್ಲ, ಚೀಲ ರಸ್ತೆಯಲ್ಲೇ ಉಳಿಯುತ್ತವೆ. ಹಮಾಲರ ಮಾತು ನನ್ನದು. ಮಿಲ್ಲಿನವನಿಗೆ ಹೀಗೇ ಅರ್ಥ ಆಗೋದು.

ಅಂದರೆ ನೀನು ಏನೂ ತಿಂದಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ನಾನು ಏನಾದರೂ ಹೇಳಬೇಕಿತ್ತು. ಕಡಲೆಕಾಯಿ ಬೇಕಾ ಅಂತ ಕೇಳಿದೆ.

ಇಪ್ಪತ್ತೊಂದನೇ ಉಂಡಿಯ ಕತೆ ನಿನಗೆ ಗೊತ್ತಿಲ್ಲ. ಹತ್ತು ದಿನ ಆದ ಮೇಲೆ ಆಯಿ ಹೇಳಿದಳು, ನಸುಕಿನಲ್ಲೇ ಹಾಲಿನವನ ಮಗನಿಗೆ ಕೊಟ್ಟಿದ್ದಳಂತೆ. ಆವತ್ತೇ ಯಾಕೆ ಹೇಳಲಿಲ್ಲ ಅಂದರೆ, "ನೀ ಅಷ್ಟು ಸಿಟ್ಟಿಲೆ ಇದ್ದಿ" ಅಂದಳು. ನಾನು "ಹೌದಾ" ಅಂದು ಪೇಪರಿನ ಹಾಳೆ ತಿರುವಿದೆ. ನಿನಗೆ ಹೇಳಲೇ ಇಲ್ಲ. ತಪ್ಪಾಯಿತು ಅವ್ವಾ.

ನೀನು ಒಂಬತ್ತು ವರ್ಷದವಳಿದ್ದಾಗ ಆಸ್ಪತ್ರೆಯಲ್ಲಿದ್ದ ದಿನಗಳನ್ನು ಬರೆಯುವುದಿಲ್ಲ. ಸಕ್ಕರೆ ಇಳಿದು ಬೆವರಿಗೆ ದಿಂಬು ತೊಯ್ದ ಆ ರಾತ್ರಿಯನ್ನೂ ಬರೆಯುವುದಿಲ್ಲ, ಇಬ್ಬರಿಗೂ ಗೊತ್ತು. ಆದರೆ ಒಂದು ಹೇಳಲೇಬೇಕು. ಆವತ್ತು ಎಚ್ಚರ ಇಲ್ಲದ ನಿನ್ನ ಬಾಯಿಗೆ ನಾನು ಸಕ್ಕರೆ ನೀರು ಸುರಿದೆ. ಅದು ಶ್ವಾಸಕೋಶಕ್ಕೆ ಹೋಗಿದ್ದರೆ? ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಸಕ್ಕರೆ ಏರಿಸುವ ಔಷಧ ಗ್ಲುಕಗಾನ್ ಕೊಡಬೇಕು, ಆಂಬುಲೆನ್ಸ್ ಕರೆಸಬೇಕು. ನಿನ್ನ ರೂಮಿನ ಹುಡುಗಿಗೆ ಇದನ್ನು ಒಮ್ಮೆ ಮಾಡಿ ತೋರಿಸು. ಬರೀ ಹೇಳಿದರೆ ಸಾಲದು.

ಸಂಜೆ ಶಟಲ್ ಆಡಿದ ದಿನ ಮಲಗುವ ಮುಂಚೆ ತಪ್ಪದೆ ನೋಡಿಕೋ. ಆಟದ ಪರಿಣಾಮ ರಾತ್ರಿಯಿಡೀ ಇರಬಹುದು, ನಡುರಾತ್ರಿ ಸಕ್ಕರೆ ಇಳಿಸಬಹುದು. 70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ನೋಡು. ಗಾಬರಿಯಲ್ಲಿ ಅರ್ಧ ಡಬ್ಬಿ ತಿಂದರೆ ಬೆಳಿಗ್ಗೆ 300. ಹೊಟ್ಟೆಯ ಮೇಲೆ ಒಂದೇ ಜಾಗಕ್ಕೆ ಚುಚ್ಚಬೇಡ, ಗಂಟು ಕಟ್ಟಿದರೆ ಇನ್ಸುಲಿನ್ ಸರಿಯಾಗಿ ಇಳಿಯುವುದಿಲ್ಲ. ಜ್ವರ ಬಂದು ಊಟ ಸೇರದಿದ್ದರೂ ರಾತ್ರಿಯ ಇನ್ಸುಲಿನ್ ಬಿಡಬೇಡ.

ನಿಮ್ಮವ್ವ ಹಿಂದೆ ನಿಂತು ಓದಿ, "ಇದೆಲ್ಲ ಅಕಿನೇ ನಿಮಗ ಕಲಿಸಿದ್ದು" ಅಂದಳು. ನಿಜ. ಬೆಳಿಗ್ಗೆ ಎದ್ದ ಕೂಡಲೇ ಇನ್ಸುಲಿನ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ನಾಷ್ಟಾ ಮಾಡುವುದನ್ನು ಡಾಕ್ಟರ ಹತ್ತಿರ ಮಾತಾಡಿ ರೂಢಿ ಮಾಡಿಕೊಂಡವಳು ನೀನು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ HbA1c ಪರೀಕ್ಷೆಯಲ್ಲಿ ಶೇಕಡಾ 9.4 ಇದ್ದದ್ದು 7.3ಕ್ಕೆ ಬಂದಿದೆ. ಆ ರಿಪೋರ್ಟ್ ಮಿಲ್ಲಿನಲ್ಲಿ ಎಲ್ಲರಿಗೂ ತೋರಿಸಿದೆ. ಹಮಾಲರಿಗೆ ಏನೂ ತಿಳಿಯಲಿಲ್ಲ, ಪಾಸಾದಳಾ ಅಂತ ಕೇಳಿದರು. ಹೌದು ಅಂದೆ.

ಇನ್ನೊಂದು ಒಪ್ಪಿಕೊಳ್ಳಬೇಕು. ರಾತ್ರಿ ಲೋ ಆದರೆ ದೇಹ ಹೆದರಿ ಬೆಳಿಗ್ಗೆ ಏರಿಸುತ್ತದೆ ಅಂತ ಹಿಂದೆ ಜಾಸ್ತಿ ಹೇಳುತ್ತಿದ್ದರು. ಆ ಮಾತು ಹಿಡಿದುಕೊಂಡು ವರ್ಷಗಟ್ಟಲೆ ನಿನಗೆ ರಾತ್ರಿ ಹಾಲು, ಬಾಳೆಹಣ್ಣು ತಿನ್ನಿಸಿದೆ. ಸೆನ್ಸರ್ ಬಂದ ಮೇಲೆ ಅದು ಅಪರೂಪ ಅಂತ ಕಂಡಿದೆ. ಲೋ ಆದ ರಾತ್ರಿಯ ಮರುಬೆಳಿಗ್ಗೆ ಸಾಮಾನ್ಯವಾಗಿ ಸಕ್ಕರೆ ಕಡಿಮೆಯೇ ಇರುತ್ತದೆ. ನಾನು ತಿನ್ನಿಸಿದ್ದು ನನಗೆ ನಿದ್ದೆ ಬರಲಿ ಅಂತ.

ಶೇರಿಂಗ್ ಚಾಲೂ ಮಾಡು ಅಂತ ಕೇಳುವುದಿಲ್ಲ. ಲೋ ಅಲಾರಂ ಮಾತ್ರ ಯಾರಿಗಾದರೂ ಹೋಗಲಿ, ರೂಮಿನ ಹುಡುಗಿಗೇ ಹೋಗಲಿ. ನಿಮ್ಮವ್ವನ ಫೋನಿಗೆ ಕೊಟ್ಟರೂ ಆಯಿತು. ನಾನು ಅದನ್ನು ಮುಟ್ಟುವುದಿಲ್ಲ. ಮುಟ್ಟಿದರೂ ವಾರ್ಡನ್‌ಗೆ ಮಾಡುವುದಿಲ್ಲ. ಮೊದಲು ನಿನಗೇ ಮಾಡುತ್ತೇನೆ, ನೀನು ಎತ್ತಬೇಕು ಅಷ್ಟೇ.

ನಾಳೆ ರಾತ್ರಿಯ ಧಾರವಾಡ ಬಸ್ಸಿಗೆ ಪಂಚಮಿ ಉಂಡಿ ಕೊಟ್ಟು ಕಳಿಸುತ್ತಿದ್ದೇವೆ. ಎಣಿಸಿಲ್ಲ. ಮಿಲ್ಲಿನ ಸಣ್ಣ ತಕ್ಕಡಿ ತಂದು ತೂಗಿದ್ದೇನೆ. ಒಂದೊಂದೂ 30 ಗ್ರಾಂ ಆಸುಪಾಸು, ಅರ್ಧ ಬೆಲ್ಲ, ಅರ್ಧ ಶೇಂಗಾ. ಚೀಟಿಯನ್ನು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದೇನೆ. ಎಷ್ಟು ಯೂನಿಟ್ ಇನ್ಸುಲಿನ್ ಅಂತ ಲೆಕ್ಕ ನೀನೇ ಹಾಕಿಕೋ. ಕಂಡಕ್ಟರ್ ನಂಬರ್ ನಿಮ್ಮವ್ವ ಕಳಿಸುತ್ತಾಳೆ.

ನಿನ್ನ ಅಪ್ಪ