ಆತ್ಮರಕ್ಷಣೆ ಕಲಿಸುವಾಗ ಹೆದರಿಕೆಗೂ ತಾಲೀಮು ಬೇಕು

ಸಂಪಾದಕರಿಗೆ,

ಮಾನ್ಯರೇ,

ಶಾಲಾ ವಿದ್ಯಾರ್ಥಿನಿಯರಿಗಾಗಿ ನಡೆಯುವ ಆತ್ಮರಕ್ಷಣಾ ಶಿಬಿರಗಳ ಸಮಾರೋಪದ ಚಿತ್ರಗಳು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಅಚ್ಚಾಗುತ್ತವೆ. ಬಿಳಿ ಉಡುಪು ತೊಟ್ಟ ಹುಡುಗಿಯರು ಸಾಲಾಗಿ ನಿಂತು ಮುಷ್ಟಿ ಮುಂದೆ ಚಾಚಿರುತ್ತಾರೆ, ಒಬ್ಬಳು ಅಂಗೈಯಿಂದ ಹಂಚು ಒಡೆಯುತ್ತಿರುತ್ತಾಳೆ, ವೇದಿಕೆಯ ಮೇಲಿನ ಗಣ್ಯರು ಚಪ್ಪಾಳೆ ತಟ್ಟುತ್ತಿರುತ್ತಾರೆ. ವಿಜಯಪುರ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 29 ವರ್ಷ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ದುಡಿದು ನಿವೃತ್ತಳಾಗಿರುವ ನನಗೆ ಆ ಚಿತ್ರಗಳನ್ನು ಕಂಡಾಗ ಸಂತೋಷವೇ ಆಗುತ್ತದೆ. ಆದರೂ ಒಂದು ಮಾತು ಬಹಳ ದಿನಗಳಿಂದ ಮನಸ್ಸಿನಲ್ಲಿ ಉಳಿದಿದೆ. ಈ ಶಿಬಿರಗಳು ಪಟ್ಟು ಕಲಿಸುತ್ತವೆ. ಆ ಪಟ್ಟು ಹಾಕಬೇಕಾದ ಗಳಿಗೆಯಲ್ಲಿ ಮೈಯೊಳಗೆ ಏನು ನಡೆಯುತ್ತದೆ, ಅದಕ್ಕೆ ಮೈಯನ್ನು ಹೇಗೆ ಹದಗೊಳಿಸಬೇಕು ಎಂಬುದನ್ನು ಕಲಿಸುವುದಿಲ್ಲ.

ಇದನ್ನು ಪುಸ್ತಕ ಓದಿಯಷ್ಟೇ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಸಂತೆ ಮುಗಿಸಿಕೊಂಡು ಮನೆಯ ಗೇಟಿನ ಮುಂದೆ ನಿಂತಿದ್ದಾಗ ಬೈಕಿನಲ್ಲಿ ಬಂದ ಇಬ್ಬರಲ್ಲಿ ಒಬ್ಬನು ನನ್ನ ಕೊರಳಿಗೆ ಕೈ ಹಾಕಿ ಸರ ಕಿತ್ತುಕೊಂಡು ಹೋದನು. ಹಿಡಿದ ಕೈಯನ್ನು ಹೆಬ್ಬೆರಳಿನ ಸಂದಿಯ ಕಡೆಗೆ ತಿರುಗಿಸಿ ಬಿಡಿಸಿಕೊಳ್ಳುವುದು, ಮೊಣಕೈಯಿಂದ ಪಕ್ಕೆಗೆ ಹೊಡೆಯುವುದು, ಇವುಗಳನ್ನು ನಾನೇ ನೂರಾರು ಮಕ್ಕಳಿಗೆ ಹೇಳಿಕೊಟ್ಟವಳು. ಆ ಹೊತ್ತಿನಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಕೂಗಬೇಕೆಂದು ಬಾಯಿ ತೆರೆದರೆ ಧ್ವನಿ ಹೊರಡಲಿಲ್ಲ. ಅವರು ಓಣಿಯ ತಿರುವು ದಾಟಿದ ಮೇಲೆ ಬಾಗಿಲ ಬೀಗಕ್ಕೆ ಕೀಲಿ ಹಾಕಲು ಹೋದರೆ ಕೀಲಿಯ ತುದಿ ಬೀಗದ ಸುತ್ತ ಗೀಚುತ್ತಿತ್ತೇ ಹೊರತು ಒಳಗೆ ಇಳಿಯಲಿಲ್ಲ. ಕೊನೆಗೆ ಪಕ್ಕದ ಮನೆಯ ಹುಡುಗಿ ಓಡಿ ಬಂದು, ‘ಏನಾತ್ರೀ ಟೀಚರ್?’ ಎನ್ನುತ್ತ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು 112ಕ್ಕೆ ಕರೆ ಮಾಡಿದಳು. ನನ್ನ ಬೆರಳು ಆ ಮೂರು ಅಂಕಿಗಳನ್ನು ಒತ್ತುವ ಸ್ಥಿತಿಯಲ್ಲಿರಲಿಲ್ಲ.

ಇದಕ್ಕಾಗಿ ಬಹಳ ದಿನ ನಾಚಿಕೊಂಡೆ. ನಾಚಿಕೊಳ್ಳಬೇಕಾದ್ದೇನೂ ಇರಲಿಲ್ಲವೆಂದು ತಿಳಿದದ್ದು ತಡವಾಗಿ. ಅಪಾಯ ಕಂಡೊಡನೆ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳು ಅಡ್ರಿನಾಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಯುತ್ತವೆ. ಎದೆಬಡಿತ ಏರುತ್ತದೆ, ಶ್ವಾಸನಾಳಗಳು ಅಗಲವಾಗುತ್ತವೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಬಿಟ್ಟುಕೊಡುತ್ತದೆ, ಚರ್ಮಕ್ಕೂ ಹೊಟ್ಟೆಗೂ ಹರಿಯುತ್ತಿದ್ದ ರಕ್ತ ತೊಡೆ, ಬೆನ್ನು, ತೋಳುಗಳ ದೊಡ್ಡ ಸ್ನಾಯುಗಳ ಕಡೆಗೆ ತಿರುಗುತ್ತದೆ. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಕಾದಾಡುವುದಕ್ಕೋ ಓಡಿಹೋಗುವುದಕ್ಕೋ ದೇಹ ಮಾಡಿಕೊಳ್ಳುವ ಸಿದ್ಧತೆ ಇದೆಂದು 1915ರಲ್ಲಿಯೇ ವಿವರಿಸಿದ್ದರು. ನಮ್ಮ ಹಿರಿಯರಿಗೆ ಗ್ರಂಥಿಯ ಹೆಸರು ಗೊತ್ತಿರಲಿಲ್ಲ, ಆದರೆ ಮೈಯಲ್ಲಿ ಆಗುವುದೆಲ್ಲ ಗೊತ್ತಿತ್ತು: ಎದೆ ಝಲ್ಲೆಂದಿತು, ನಾಲಿಗೆಯ ಪಸೆ ಆರಿತು, ಮುಖ ಬಿಳುಚಿಕೊಂಡಿತು, ಕೈಕಾಲೇ ಆಡಲಿಲ್ಲ ಎಂದು ನಾವು ದಿನಾ ಆಡುವ ಮಾತುಗಳು ಇದನ್ನೇ ಹೇಳುತ್ತವೆ.

ಈ ರಸದಿಂದ ಬಲ ಬರುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಕಸಿದುಕೊಳ್ಳುವುದನ್ನು ಹೇಳುವವರು ಕಡಿಮೆ. ದೊಡ್ಡ ಸ್ನಾಯುಗಳಿಗೆ ಬಲ ಬಂದಾಗಲೇ ಬೆರಳಿನ ನಾಜೂಕು ಕೆಲಸ ಕೆಡುತ್ತದೆ, ಕೈ ನಡುಗುತ್ತದೆ. ಕಣ್ಣು ಎದುರಿಗಿರುವ ಒಂದೇ ವಸ್ತುವಿನ ಮೇಲೆ ನೆಟ್ಟು ಅಕ್ಕಪಕ್ಕದ್ದು ಕಾಣದಂತಾಗಬಹುದು, ಹತ್ತಿರದವರು ಕೂಗಿದ್ದೂ ಕೇಳಿಸದೆ ಹೋಗಬಹುದು. ಕೆಲವರಿಗೆ ಕಾದಾಟವೂ ಇಲ್ಲ, ಓಟವೂ ಇಲ್ಲ, ಮೈ ಕಲ್ಲಾಗಿ ನಿಂತುಬಿಡುತ್ತದೆ. ಇದು ಪ್ರಾಣಿಗಳಲ್ಲಿಯೂ ಮನುಷ್ಯರಲ್ಲಿಯೂ ಇರುವ ಸಹಜ ಪ್ರತಿಕ್ರಿಯೆ. ‘ಯಾಕ ಒದರಲಿಲ್ಲ, ಯಾಕ ಹೊಡೀಲಿಲ್ಲ’ ಎಂದು ನೊಂದ ಹೆಣ್ಣುಮಗಳನ್ನು ಕೇಳುವ ಮನೆಯವರೂ ಊರವರೂ ಇದನ್ನು ತಿಳಿಯಬೇಕೆಂದು ಕೈಮುಗಿದು ಕೇಳುತ್ತೇನೆ. ಕಲ್ಲಾಗಿ ನಿಂತ ಮೈ ಒಪ್ಪಿಗೆ ಕೊಟ್ಟಂತಲ್ಲ.

ಇಷ್ಟು ತಿಳಿದ ಮೇಲೆ ತರಬೇತಿಯ ರೀತಿಯೂ ಬದಲಾಗಬೇಕು. ಹತ್ತು ದಿನಗಳಲ್ಲಿ ಇಪ್ಪತ್ತು ಪಟ್ಟು ಕಲಿಸಿ ಪ್ರಯೋಜನವಿಲ್ಲ. ನಡುಗುವ ಕೈಯಿಂದಲೂ ಮಾಡಬಹುದಾದ, ತೋಳು–ತೊಡೆ–ಸೊಂಟದ ಬಲದ ಮೇಲೆ ನಿಂತಿರುವ ನಾಲ್ಕೈದು ಸರಳ ಚಲನೆಗಳು ಸಾಕು. ಅವನ್ನು ನೆರಳಿನಲ್ಲಿ ತಣ್ಣಗೆ ನಿಂತು ಮಾಡಿಸಿದರೆ ಸಾಲದು. ನಿವೃತ್ತಿಗೆ ಎರಡು ವರ್ಷ ಮೊದಲು ನಾನು ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಒಂದು ಪ್ರಯೋಗ ಮಾಡಿದೆ. ಮಣಿಕಟ್ಟು ಬಿಡಿಸಿಕೊಳ್ಳುವುದನ್ನು ಎಲ್ಲರೂ ಚೆನ್ನಾಗಿ ಕಲಿತಿದ್ದರು. ಮರುದಿನ ಮೈದಾನದ ಸುತ್ತ ಮೂರು ಸುತ್ತು ಜೋರಾಗಿ ಓಡಿಸಿ, ಉಸಿರು ಕೂಡಿಕೊಳ್ಳುವ ಮೊದಲೇ ಒಬ್ಬೊಬ್ಬರ ಕೈಯನ್ನು ಗಟ್ಟಿಯಾಗಿ ಹಿಡಿದು, ಉಳಿದವರಿಗೆ ಸುತ್ತ ನಿಂತು ಗದ್ದಲ ಮಾಡಲು ಹೇಳಿದೆ. ಇಂಥದ್ದೊಂದು ಪರೀಕ್ಷೆ ಇದೆಯೆಂದು ಅವರಿಗೆ ಮೊದಲೇ ತಿಳಿಸಿದ್ದೆ. ಹಾಗಿದ್ದರೂ ತರಗತಿಯಲ್ಲೇ ಚುರುಕಾಗಿದ್ದ ಹುಡುಗಿ ತನ್ನ ಕೈಯನ್ನೇ ನೋಡುತ್ತ ನಿಂತುಬಿಟ್ಟಳು. ಆಮೇಲೆ ‘ನಂಗ ಕೈ ಐತಿ ಅನ್ನೂದ ಮರತ್ಹೋಗಿತ್ರಿ’ ಅಂದಳು. ವಾರಕ್ಕೆರಡು ಸಲದಂತೆ ಒಂದೂವರೆ ತಿಂಗಳು ಹೀಗೆಯೇ ಮಾಡಿಸಿದ ಮೇಲೆ ಅದೇ ಹುಡುಗಿ ಹಿಡಿದ ಕೂಡಲೇ ‘ಬಿಡು!’ ಎಂದು ಒದರಿ, ಸೊಂಟ ತಿರುಗಿಸಿ, ಕೈ ಕಿತ್ತುಕೊಂಡು ಗೇಟಿನವರೆಗೆ ಓಡಿದಳು. ಅವಳಿಗೆ ಹೊಸ ಪಟ್ಟೇನೂ ಕಲಿಸಿರಲಿಲ್ಲ. ಡವಗುಟ್ಟುವ ಎದೆ ಅವಳಿಗೆ ಅಷ್ಟರಲ್ಲಿ ರೂಢಿಯಾಗಿತ್ತು, ಅಷ್ಟೆ. ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಮೊದಲೇ ದೌರ್ಜನ್ಯ ಅನುಭವಿಸಿದ ಮಗು ಆ ಗುಂಪಿನಲ್ಲಿ ಇರಬಹುದು. ಆದ್ದರಿಂದ ಬೇಡವೆಂದವಳನ್ನು ಒತ್ತಾಯಿಸಬಾರದು, ಹೇಳದೆ ಕೇಳದೆ ಹಿಂದಿನಿಂದ ಬಂದು ಹಿಡಿಯುವುದಂತೂ ಸಲ್ಲದು.

ಒದರುವುದನ್ನೂ ಕಲಿಸಲೇಬೇಕು. ‘ಹೆಣ್ಣುಮಕ್ಕಳು ಸಣ್ಣಗೆ ಮಾತಾಡಬೇಕು’ ಎಂದು ಬೆಳೆಸಿದ ಗಂಟಲು ಬೇಕಾದಾಗ ತೆರೆಯುವುದಿಲ್ಲ. ಒದರುವಾಗ ಉಸಿರು ಹೊರಗೆ ಬರುತ್ತದೆ, ಬಿಗಿಹಿಡಿದ ಎದೆ ಸಡಿಲವಾಗುತ್ತದೆ. ಅಪಾಯ ದಾಟಿದ ಮೇಲೆ ಮೂಗಿನಿಂದ ಉಸಿರೆಳೆದು, ಎಳೆದುದಕ್ಕಿಂತ ಹೆಚ್ಚು ಹೊತ್ತು ನಿಧಾನವಾಗಿ ಬಿಡುತ್ತಾ ಹೋದರೆ ಎದೆಬಡಿತ ಇಳಿಯುತ್ತದೆ. ರಕ್ತಕ್ಕೆ ಸೇರಿದ ಅಡ್ರಿನಾಲಿನ್ ಎರಡು–ಮೂರು ನಿಮಿಷಗಳಲ್ಲಿ ಅರ್ಧಕ್ಕಿಳಿದರೂ ನಡುಕ ಅದಕ್ಕಿಂತ ಬಹಳ ಹೊತ್ತು ಇರುತ್ತದೆ, ಅದು ರೋಗವಲ್ಲ ಎಂದು ಮಕ್ಕಳಿಗೆ ತಿಳಿಸಿ ಹೇಳಬೇಕು.

ಇನ್ನು ಮೈಕಟ್ಟಿನ ಮಾತು. ಸ್ನಾಯುವಿನಲ್ಲಿ ತಕ್ಷಣಕ್ಕೆ ಸಿದ್ಧವಾಗಿರುವ ಶಕ್ತಿ ಪೂರ್ಣ ವೇಗದ ಕೆಲಸಕ್ಕೆ ಸುಮಾರು ಹತ್ತು ಸೆಕೆಂಡು ಸಾಕಾಗುತ್ತದೆ. ಆಮೇಲೆ ತೊಡೆ ಉರಿಯತೊಡಗುತ್ತದೆ, ಉಸಿರು ಸಾಲುವುದಿಲ್ಲ. ಕೈ ಬಿಡಿಸಿಕೊಂಡವಳು ಜನ ಇರುವ ಕಡೆಗೆ ನೂರು–ಇನ್ನೂರು ಮೀಟರ್ ಓಡಬೇಕು. ಓಡಲಾಗದಿದ್ದರೆ ಬಿಡಿಸಿಕೊಂಡದ್ದೂ ವ್ಯರ್ಥ. ಆದ್ದರಿಂದ ಇಪ್ಪತ್ತು ಸೆಕೆಂಡು ಪೂರ್ಣ ವೇಗದ ಓಟ, ನಲವತ್ತು ಸೆಕೆಂಡು ನಡಿಗೆ, ಹೀಗೆ ಆರೆಂಟು ಸಲ ಮಾಡಿಸುವುದು ಹಂಚು ಒಡೆಸುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಲಕ್ಕೆ ನಮ್ಮ ಗರಡಿಮನೆಗಳ ದಂಡ–ಬೈಠಕ್ಕುಗಳೇ ಇವೆ. ದಂಡದಲ್ಲಿ ಭುಜ, ಬೆನ್ನು, ಸೊಂಟ ಒಟ್ಟಿಗೆ ದುಡಿಯುತ್ತವೆ, ಬಲದ ಜೊತೆಗೆ ಬಾಗುವಿಕೆಯೂ ಬರುತ್ತದೆ. ಅದಕ್ಕೆ ಸಾಮಾನು ಬೇಡ, ದುಡ್ಡೂ ಬೇಡ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರದ ಕಲ್ಲು ಎತ್ತುವುದನ್ನೂ ಜಂಗಿ ಕುಸ್ತಿಯನ್ನೂ ಮುಗಿಬಿದ್ದು ನೋಡುವ ಊರಿಗೆ ಇದನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ.

ಮೈ ಬಳುಕಿಸುವ ಅಭ್ಯಾಸದಲ್ಲಿ ನಡೆಯುವ ತಪ್ಪು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಗೊಳಿಸಿದೆ. ಒಂದು ಶಿಬಿರದಲ್ಲಿ ಬೆಳಿಗ್ಗೆ ಆರೂವರೆಯ ಚಳಿಯಲ್ಲಿ, ಮೈ ಬಿಸಿ ಮಾಡಿಕೊಳ್ಳದ ಮಕ್ಕಳನ್ನು ನೆಲಕ್ಕೆ ಕೂರಿಸಿ, ಕಾಲು ಎರಡೂ ಕಡೆ ಅಗಲಿಸಿ, ತರಬೇತುದಾರರು ಹಿಂದಿನಿಂದ ಬೆನ್ನು ಒತ್ತುತ್ತಿದ್ದರು. ನಮ್ಮ ಶಾಲೆಯ ಹುಡುಗಿಯೊಬ್ಬಳ ತೊಡೆಯ ಹಿಂಭಾಗದ ಸ್ನಾಯು ಹರಿದು, ಮೂರು ವಾರ ಅವಳು ಮೆಟ್ಟಿಲು ಹತ್ತಲಾಗದೆ ಕುಂಟಿದಳು; ಗುಣವಾದ ಮೇಲೂ ಆಟದ ಮೈದಾನಕ್ಕೆ ಬರಲಿಲ್ಲ. ಮೊದಲು ಹತ್ತು ನಿಮಿಷ ನಿಧಾನ ಓಟ, ಕಾಲು ಬೀಸುವುದು, ಸೊಂಟ ತಿರುಗಿಸುವುದು, ಹೆಜ್ಜೆ ಚಾಚಿ ಬಾಗುವುದು, ಹೀಗೆ ಚಲಿಸುತ್ತಲೇ ಮೈ ಸಡಿಲಿಸಬೇಕು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಎಳೆದು ಹಿಡಿಯುವುದನ್ನು ಅಭ್ಯಾಸಕ್ಕೆ ಮುಂಚೆ ಮಾಡಿದರೆ ಸ್ನಾಯುವಿನ ಬಲ ಸ್ವಲ್ಪ ಹೊತ್ತು ಕುಗ್ಗುತ್ತದೆ. ಅದನ್ನು ಅಭ್ಯಾಸ ಮುಗಿದು ಮೈ ಬಿಸಿಯಾಗಿರುವಾಗ, ಅರ್ಧ ನಿಮಿಷದಂತೆ, ಜಗ್ಗದೆ, ನೋವಿಗೆ ಮುಂಚೆಯೇ ನಿಲ್ಲಿಸಿ ಮಾಡಬೇಕು. ತಲೆಯ ಎತ್ತರಕ್ಕೆ ಒದೆಯುವ ಬಳುಕು ಆತ್ಮರಕ್ಷಣೆಗೆ ಬೇಕಾಗಿಯೇ ಇಲ್ಲ. ಚೂಡಿದಾರ ತೊಟ್ಟು, ಹೆಗಲಿಗೆ ಪುಸ್ತಕದ ಚೀಲ ಹಾಕಿಕೊಂಡ ಹುಡುಗಿಗೆ ಬೀಳದಂತೆ ಸೊಂಟ ತಿರುಗಿಸಲು, ಬಿದ್ದರೆ ಉರುಳಿ ಏಳಲು ಬೇಕಾದಷ್ಟು ಸಡಿಲ ಬಂದರೆ ಸಾಕು.

ಹೊಟ್ಟೆಯ ಮಾತನ್ನೂ ಮರೆಯಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇರುವ ಮಗುವನ್ನು ಓಡಿಸಿದರೆ ಕಣ್ಣು ಕತ್ತಲೆಗಟ್ಟಿ ಕೂರುತ್ತದೆ, ನಾವು ಅದನ್ನು ಸೋಮಾರಿತನ ಎನ್ನುತ್ತೇವೆ. ತರಬೇತಿಗೆ ಮುಂಚೆ ಹಿಮೋಗ್ಲೋಬಿನ್ ಪರೀಕ್ಷೆ ಆಗಲಿ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ನುಂಗುತ್ತಾರೋ ಕಿಟಕಿಯಾಚೆ ಎಸೆಯುತ್ತಾರೋ ನೋಡುವವರಿರಲಿ.

ಕಾನೂನಿನ ಭಯದಿಂದ ಹಿಂಜರಿಯುವವರೂ ಇದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡಬಾರದು ಎಂಬುದು ಅದರ ಮಿತಿ. ಇದನ್ನು ಒಂದು ಪಿರಿಯಡ್‌ನಲ್ಲಿ ಹೇಳಿಕೊಡಬಹುದು.

ಸಮಗ್ರ ಶಿಕ್ಷಣ ಯೋಜನೆಯಲ್ಲಿ 6ರಿಂದ 12ನೆಯ ತರಗತಿಯ ಹುಡುಗಿಯರಿಗೆ ಮೂರು ತಿಂಗಳ ಆತ್ಮರಕ್ಷಣಾ ತರಬೇತಿಗೆ ಅವಕಾಶವಿದೆ. ಒಳ್ಳೆಯ ಯೋಜನೆ. ಆದರೆ ಮೂರು ತಿಂಗಳಲ್ಲಿ ಬಂದ ಕಸುವು ಅಭ್ಯಾಸ ಬಿಟ್ಟ ಮೇಲೆ ಇಳಿದುಹೋಗುತ್ತದೆ. ಈ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ವಾರಕ್ಕೆ ಬರುವ ಆಟದ ಪಿರಿಯಡ್ಡುಗಳನ್ನೂ ಪರೀಕ್ಷೆ ಹತ್ತಿರ ಬಂತೆಂದು ಗಣಿತಕ್ಕೂ ವಿಜ್ಞಾನಕ್ಕೂ ಬಿಟ್ಟುಕೊಡಬೇಕಾಗುತ್ತದೆ. ಮೊದಲು ಒಳಗೆ ಹೋಗಿ ಕೂರುವವರು ಹುಡುಗಿಯರೇ. ಆ ಪಿರಿಯಡ್ಡುಗಳನ್ನು ಯಾರೂ ಮುಟ್ಟದಂತೆ ಶಾಲಾ ಶಿಕ್ಷಣ ಇಲಾಖೆ ನೋಡಿಕೊಳ್ಳಬೇಕು, ಶಿಬಿರದಲ್ಲಿ ಕಲಿತದ್ದನ್ನು ವರ್ಷವಿಡೀ ಅದರಲ್ಲೇ ಮುಂದುವರಿಸಬೇಕು. ತರಬೇತುದಾರರಿಗೆ ಬೆಲ್ಟಿನ ಬಣ್ಣದ ಜೊತೆಗೆ ಮೈ ಬಿಸಿ ಮಾಡಿಸುವ ಕ್ರಮವೂ ಪ್ರಥಮ ಚಿಕಿತ್ಸೆಯೂ ಗೊತ್ತಿದೆಯೇ ಎಂದು ವಿಚಾರಿಸಿಯೇ ಕರೆಸಬೇಕು. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ನಮ್ಮ ಊರಿನಲ್ಲೇ ಇದೆ. ಅಲ್ಲಿ ದೈಹಿಕ ಶಿಕ್ಷಣ ಓದುವ ಹೆಣ್ಣುಮಕ್ಕಳನ್ನು ಇದಕ್ಕೆ ತಯಾರು ಮಾಡಿದರೆ ಜಿಲ್ಲೆಗೆ ಬೇಕಾದ ತರಬೇತುದಾರರು ಇಲ್ಲಿಯೇ ಸಿಗುತ್ತಾರೆ.

ಗರಡಿಮನೆಗಳ ವಸ್ತಾದರಲ್ಲಿಯೂ ಒಂದು ಕೋರಿಕೆ. ಕೆಮ್ಮಣ್ಣಿನ ಅಖಾಡಕ್ಕೆ ಹೆಣ್ಣುಮಕ್ಕಳು ಇಳಿಯಬಾರದೆಂಬ ಕಟ್ಟಳೆ ಹಲವೆಡೆ ಇನ್ನೂ ಉಳಿದಿದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕುಸ್ತಿಯಲ್ಲಿಯೇ ಸಾಕ್ಷಿ ಮಲಿಕ್ ದೇಶಕ್ಕೆ ಕಂಚಿನ ಪದಕ ತಂದರು. ವಾರಕ್ಕೆ ಎರಡು ಸಂಜೆ, ಒಬ್ಬ ಶಿಕ್ಷಕಿಯ ಸಮಕ್ಷಮದಲ್ಲಿ, ಹುಡುಗಿಯರಿಗಾಗಿ ಬಾಗಿಲು ತೆರೆಯಿರಿ. ಮೆತ್ತನೆಯ ಮಣ್ಣಿನಲ್ಲಿ ಬೀಳುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ನನ್ನ ಮಂಡಿ ಈಗ ಓಟಕ್ಕೆ ಬರುವುದಿಲ್ಲ, ಆದರೆ ಧ್ವನಿ ಗಟ್ಟಿಯಾಗಿದೆ. ನಗರದ ಯಾವುದೇ ಶಾಲೆ ಮಂಗಳವಾರ ಮತ್ತು ಶನಿವಾರ ಬೆಳಿಗ್ಗೆ ಒಂದು ಗಂಟೆ ಮೈದಾನ ಬಿಟ್ಟುಕೊಟ್ಟರೆ ಸೀಟಿ ಹಿಡಿದು ಬರಲು ನಾನು ಸಿದ್ಧಳಿದ್ದೇನೆ. ಸಂಭಾವನೆ ಬೇಡ. ವರ್ಷದ ನಡುವೆ ಆ ಒಂದು ಗಂಟೆಯನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಮುಖ್ಯೋಪಾಧ್ಯಾಯರು ಮಾತು ಕೊಟ್ಟರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ,
ವಿಜಯಪುರ