ಮೀರತ್ತಿಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಸತೀಶ,

ಸೇನೆಯ ನಾಯಿ ಹ್ಯಾಂಡ್ಲರ್ ತರಬೇತಿಗೆ ಮೀರತ್ತಿಗೆ ಹೊರಟಿದ್ದೀಯ ಅಂತ ತಿಳಿದು ಬಹಳ ಖುಷಿಯಾಯ್ತು ಮಾರಾಯ. 2016ರಲ್ಲಿ ನಮ್ಮ ಮುಧೋಳ ನಾಯಿಗಳು ತರಬೇತಿಗೆ ಹೋಗಿದ್ದೂ ಅಲ್ಲಿನ ಆರ್‌ವಿಸಿ (ಸೇನೆಯ ಪ್ರಾಣಿಗಳನ್ನ ನೋಡಿಕೊಳ್ಳೋ ದಳ) ಕೇಂದ್ರಕ್ಕೇ. ನಾಯಿಗೆ ವಾಸನೆ ಹಿಡಿದು ಹುಡುಕೋದನ್ನ ಕಲಿಸೋದು ಕಷ್ಟವಾ ಅಂತ ಕೇಳಿದ್ದೀಯಲ್ಲ, ಅದು ಬೇಗ ಕಲಿಯುತ್ತೆ. ಹಗ್ಗ ಹಿಡಿದವನ ಕೈ, ಕಣ್ಣು, ಕಾಲು ಸುಮ್ಮನಿರೋದನ್ನ ಕಲಿಯೋಕೇ ತಡ.

ತೀರ್ಥಹಳ್ಳಿಯಲ್ಲಿ ಇರೋವಷ್ಟು ದಿನ ಮನೆ ನಾಯಿ ಜೊತೆ ಅಭ್ಯಾಸ ಮಾಡು. ಐದು ತಗಡಿನ ಡಬ್ಬಿ ತಗೊ, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡಿ, ಒಂದಕ್ಕೆ ಮಾತ್ರ ನಾಲ್ಕು ಲವಂಗ ಹಾಕು. ಏಲಕ್ಕಿ, ಕಾಳುಮೆಣಸು ಬೇಡ, ನಿಮ್ಮನೆ ತುಂಬ ಅದೇ ವಾಸನೆ. ಅಂಗಳದಲ್ಲಿ ಒಂದೊಂದು ಮಾರು ದೂರಕ್ಕೆ ಇಟ್ಟು ನಾಯಿಯನ್ನ ಸಾಲಿನುದ್ದಕ್ಕೂ ನಡೆಸು. ಲವಂಗದ ಡಬ್ಬಿ ಮೇಲೆ ಮೂಗು ನಿಂತ ಕ್ಷಣವೇ ‘ಶಭಾಷ್’ ಅಂದು ಬಹುಮಾನದ ಚೆಂಡನ್ನ ಡಬ್ಬಿ ಪಕ್ಕಕ್ಕೇ ಹಾಕು. ಎರಡು ಸೆಕೆಂಡ್ ತಡವಾದ್ರೆ ಅದು ಆಗಲೇ ತಲೆಯೆತ್ತಿ ನಿನ್ನ ಕಿಸೆ ನೋಡ್ತಿರುತ್ತೆ, ಕಿಸೆ ನೋಡಿದ್ದಕ್ಕೇ ಚೆಂಡು ಸಿಕ್ತು ಅಂದ್ಕೊಳ್ಳುತ್ತೆ. ಮೂಗು ಗಟ್ಟಿಯಾಗಿ ನಿಲ್ಲೋಕೆ ಶುರುವಾದ ಮೇಲೆ, ‘ಸಿಕ್ತು’ ಅನ್ನೋ ಸೂಚನೆಯಾಗಿ ಅಲ್ಲೇ ಕೂರೋದನ್ನ ಸೇರಿಸು. ಸ್ಫೋಟಕ ಹುಡುಕೋ ನಾಯಿ ಕೆರೆಯೋದು, ಕಚ್ಚೋದು ಮಾಡಿದ್ರೆ ಇಬ್ಬರ ಪ್ರಾಣಕ್ಕೂ ಕುತ್ತು.

ಡಬ್ಬಿ ಜೋಡಿಸುವಾಗ ಐದನ್ನೂ ಒಂದೇ ಥರ ಮುಟ್ಟು, ಖಾಲಿಯವು ಮೊದಲು, ಲವಂಗದ್ದು ಕೊನೆಗೆ. ಇಲ್ಲದಿದ್ರೆ ನಿನ್ನ ಬೆರಳಿನ ವಾಸನೆ ಹಿಡಿದೇ ನಾಯಿ ಡಬ್ಬಿ ಪತ್ತೆ ಮಾಡುತ್ತೆ. ನಾಲ್ಕಾರು ದಿನ ಕಳೆದ ಮೇಲೆ ಬೇರೆಯವರ ಕೈಲಿ ಇಡಿಸು. ಎಲ್ಲಿದೆ ಅಂತ ನಿನಗೆ ಗೊತ್ತಿದ್ರೆ ಅಲ್ಲಿ ಬಂದಾಗ ಹೆಜ್ಜೆ ನಿಧಾನವಾಗುತ್ತೆ, ಹಗ್ಗ ಬಿಗಿಯಾಗುತ್ತೆ, ನಾಯಿ ಅದನ್ನ ಓದಿಬಿಡುತ್ತೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 18 ನಾಯಿ-ಹ್ಯಾಂಡ್ಲರ್ ಜೋಡಿಗಳು ಹುಡುಕಿದ ಕೋಣೆಗಳಲ್ಲಿ ವಾಸನೆಯ ವಸ್ತು ಎಲ್ಲೂ ಇರಲಿಲ್ಲ, ಇದೆ ಅಂತ ಹ್ಯಾಂಡ್ಲರ್‌ಗಳಿಗೆ ನಂಬಿಸಿದ್ದರು ಅಷ್ಟೇ. 144 ಹುಡುಕಾಟಗಳಲ್ಲಿ ‘ಏನೂ ಇಲ್ಲ’ ಅಂತ ಮುಗಿದದ್ದು 21 ಮಾತ್ರ. ಅದಕ್ಕೇ ಆಗಾಗ ಐದೂ ಡಬ್ಬಿ ಖಾಲಿ ಇಡಿಸು. ನಾಯಿ ಎಲ್ಲೂ ಕೂರದೆ ಸಾಲು ಮುಗಿಸಿದ್ರೆ ಬೆನ್ನು ತಟ್ಟು.

ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ನಾಲಿಗೆ ಚಾಚಿ ಏದುಸಿರು ಬಿಡೋ ನಾಯಿ ಸರಿಯಾಗಿ ಮೂಸಲಾರದು. ನಮ್ಮ ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ಇರೋದ್ರಿಂದ ಬಾಯಿಯ ನೀರು ಬೇಗ ಆರಲ್ಲ, ಮೈ ತಣಿಯೋಕೆ ಹೆಚ್ಚು ಹೊತ್ತು ಬೇಕು. ತೋಟದಿಂದ ಬಂದ ಕೂಡಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಪಟ್ಟಿಯ ಅಡಿಯಲ್ಲಿ ಉಣ್ಣಿ ಹುಡುಕು. ಸಿಕ್ಕಿದ್ರೆ ಚಿಮಟಿಯಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳಿ, ಉಗುರಲ್ಲಿ ಹಿಸುಕಬೇಡ, ನಮ್ಮದು ಉಣ್ಣಿಯಿಂದ ಹರಡೋ ಮಂಗನ ಕಾಯಿಲೆಯ ಸೀಮೆ. ಪದೇ ಪದೇ ಸೀನಿ ಒಂದೇ ಹೊಳ್ಳೆಯಿಂದ ರಕ್ತ ಬಂದ್ರೆ ಮೂಗಿಗೆ ಉಂಬಳ (ಜಿಗಣೆ) ಹೊಕ್ಕಿರಬಹುದು, ಪಶುವೈದ್ಯರಿಗೆ ತೋರಿಸು.

ಚೆಂಡು ಗಟ್ಟಿ ರಬ್ಬರಿನದ್ದಾಗಿರಲಿ, ಗಂಟಲಿಗೆ ಇಳಿಯದಷ್ಟು ದೊಡ್ಡದಿರಲಿ. ಎರಡು ತಗೊ. ಒಂದನ್ನ ಬಿಡದಿದ್ರೆ ಬಾಯಿಂದ ಕಿತ್ತುಕೊಳ್ಳಬೇಡ, ಇನ್ನೊಂದನ್ನ ತೋರಿಸು.

ನಿನ್ನ ಗೆಳೆಯ